ಒಂದೇ ಹೆಸರಿನ ಎರಡು ವೈಫೈ

ಕಳೆದ ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ನನ್ನ ಹೆಂಡತಿ ಮಹಡಿಯಿಂದ ಇಳಿದು ಬಂದಳು. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಹತ್ತಕ್ಕೆ ಶುರುವಾಗುವ ಅವಳ ಮೀಟಿಂಗು ಹನ್ನೊಂದರವರೆಗೂ ನಡೆಯುತ್ತದೆ. ಹತ್ತೂ ಕಾಲಿಗೆ ಅಕ್ಕಿ ತೊಳೆಯುತ್ತಿದ್ದಾಳೆ ಎಂದರೆ ಏನರ್ಥ?

"ಕಟ್ಟಾಯ್ತಾ?" ಎಂದೆ.

"ಹ್ಞೂಂ" ಎಂದಳು.

ಅಷ್ಟೇ. ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು.

ಹಿನ್ನೆಲೆ ಹೇಳಬೇಕು. ನನ್ನಾಕೆ ಸವಿತಾ ಮೈಸೂರಿನ ಒಂದು ಕಂಪನಿಗೆ ಆಸ್ಪತ್ರೆ ಇನ್ಶೂರೆನ್ಸ್ ಕಾಗದಪತ್ರ ಪರಿಶೀಲಿಸುವ ಕೆಲಸ ಮಾಡುತ್ತಾಳೆ. ಹೊಳೆನರಸೀಪುರದ ನಮ್ಮ ಮನೆಯ ಮಹಡಿ ಕೋಣೆಯೇ ಅವಳ ಆಫೀಸು. ಎರಡು ಸಲ ಮೀಟಿಂಗಿನ ನಡುವೆ ನೆಟ್ ಹೋಗಿತ್ತು. ಅವಳ ಮೇಲಿನ ಮೇಡಂ ನಯವಾಗಿಯೇ ಹೇಳಿದ್ದರಂತೆ: ಇನ್ನೊಂದು ಸಲ ಹೀಗಾದರೆ ದಿನಾ ಆಫೀಸಿಗೇ ಬಂದುಬಿಡಿ. ದಿನಾ ಬೆಳಗಿನ ಟ್ರೈನಿಗೆ ಮೈಸೂರು, ಕತ್ತಲಾದ ಮೇಲೆ ವಾಪಸ್ಸು. ಮೊಣಕಾಲು ನೋವಿನ ಹೆಂಗಸು. ಹಾಗಾಗಿ ಈ ಮೂರನೆಯ ಸಲ ಬರಬಾರದಿತ್ತು.

ಬರದಿರಲಿ ಎಂದೇ ನಾನು ಹಾಸನಕ್ಕೆ ಹೋಗಿ ಮೆಶ್ ವೈಫೈ ತಂದದ್ದು. ನಮ್ಮದು ರೈಲುಬೋಗಿಯಂಥ ಉದ್ದ ಮನೆ. ನೆಟ್ ಕಂಪನಿಯವರು ಕೊಟ್ಟ ಡಬ್ಬ ಬೀದಿಕಡೆ ಕಿಟಕಿಯ ಪಕ್ಕದಲ್ಲಿದೆ. ಅದರ ಸಿಗ್ನಲ್ಲು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತದೆ (ನನ್ನ ಹಾಗೆ). ಮೆಶ್ ಎಂದರೆ ಮೂರು ಪುಟ್ಟ ಡಬ್ಬಗಳು. ನಡುಮನೆಗೊಂದು, ಮೆಟ್ಟಿಲಿಗೊಂದು, ಮಹಡಿಗೊಂದು ಇಟ್ಟರೆ ಒಂದರಿಂದ ಒಂದಕ್ಕೆ ನೆಟ್ ದಾಟಿಸುತ್ತವೆ. "ಬಚ್ಚಲುಮನೇಲೂ ಬತ್ತದೆ ಸಾ" ಎಂದ ಅಂಗಡಿಯವನು. ಬಚ್ಚಲುಮನೆಯಲ್ಲಿ ಯಾಕಪ್ಪ ಎಂದು ಕೇಳುವ ತ್ರಾಣ ನನಗಿರಲಿಲ್ಲ.

ಜೋಡಿಸಲು ಬಂದವನು ಕೇಬಲ್ ಆಫೀಸಿನ ಪುಟ್ಟರಾಜು. ಡಿಶ್ ಕಾಲದಿಂದಲೂ ನಮ್ಮ ಬೀದಿಗೆ ವೈರು ಎಳೆದವನು. ಬಂದವನೇ ಹೇಳಿದ: "ಅಳೇ ಡಬ್ಬದ ವೈಫೈ ಆಫ್ ಮಾಡ್ಬುಡ್ತೀನಿ ಸಾ. ಲೈನ್ ಅದ್ರಾಗೇ ಬರ್ಲಿ, ವೈಫೈ ಮಾತ್ರ ವಸಾದೇ ಕೊಡ್ಲಿ. ಒಂದ್ ಮನೇಗೆ ಎಲ್ಡ್ ಬ್ಯಾಡ."

"ಇರಲಿ ಬಿಡಪ್ಪ" ಎಂದೆ.

ಯಾಕೆ ಇರಲಿ? ಎದುರು ಮನೆಯ ಜಯಮ್ಮನವರಿಗಾಗಿ. ಲಾಕ್‌ಡೌನಿನಲ್ಲಿ ಅವರ ಮಗಳ ಆನ್‌ಲೈನ್ ಕ್ಲಾಸಿಗೆಂದು ನಾನೇ ಕರೆದು ಪಾಸ್‌ವರ್ಡ್ ಕೊಟ್ಟಿದ್ದೆ. ಅವತ್ತಿನಿಂದ ಅವರ ಮನೆಯ ಅವರೆಕಾಳು ಸಾರು, ಮಾವಿನಕಾಯಿ ತೊಕ್ಕು ಎಲ್ಲ ನಮ್ಮ ಮನೆಗೆ ಬರುತ್ತವೆ. ಅವರಿಗೆ ಸಿಗುವುದು ಬೀದಿಕಡೆಯ ಹಳೇ ಡಬ್ಬದ ಸಿಗ್ನಲ್ಲು. ತೊಕ್ಕು ತಿಂದ ಬಾಯಲ್ಲಿ "ಆಫ್ ಮಾಡು" ಅನ್ನುವುದು ಹೇಗೆ? ನಮ್ಮ ಕಡೆ ಅದು ಬಾಗಿಲಿಗೆ ಬಂದವರ ಮುಖದ ಮೇಲೆ ಕದ ಹಾಕಿದ ಹಾಗೆ.

"ಅಂಗಾರೆ ವಸಾದ್ಕಾದ್ರೂ ಬ್ಯಾರೆ ಎಸ್ರು ಇಕ್ಕಿ ಸಾ" ಎಂದ ಪುಟ್ಟರಾಜು.

ಅದಕ್ಕೂ ನಾನು ಒಪ್ಪಲಿಲ್ಲ. ಹೊಸ ಹೆಸರಿಟ್ಟರೆ ಅದು ಎದುರು ಮನೆಯ ಮೊಬೈಲಿನಲ್ಲೂ ಕಾಣಿಸಬಹುದು. "ಹೊಸಾ ವೈಫೈ ಹಾಕ್ಸವ್ರೆ, ನಮಗೆ ಪಾಸ್‌ವರ್ಡ್ ಹೇಳ್ಲಿಲ್ಲ" ಅಂದುಕೊಂಡರೆ? ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೆ ಹೊಸದು ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಎಂಥ ಬುದ್ಧಿವಂತ ನಾನು! ಪುಟ್ಟರಾಜು ತಲೆ ಕೆರೆದುಕೊಂಡ. "ಲ್ಯಾಪ್‌ಟಾಪು ಅತ್ಲಾಗೊಂದ್ಸಲ ಇತ್ಲಾಗೊಂದ್ಸಲ ಓಗ್ತದೆ ಸಾ. ಓದಾಗೆಲ್ಲ ಮೀಟಿಂಗ್ ಕಟ್ಟಾಯ್ತದೆ, ಆಮೇಲೆ ನನ್ನ ಬೈಬ್ಯಾಡಿ" ಎಂದು ಹೇಳಿಯೇ ಹೋದ.

ಸೋಮವಾರ ಆದದ್ದೂ ಅದೇ. ಸವಿತಾ ಕೆಳಗೆ ಕಾಫಿ ಕುಡಿಯುತ್ತ ಲ್ಯಾಪ್‌ಟಾಪ್ ತೆರೆದಿದ್ದಳು. ಅದು ಹಳೇ ಡಬ್ಬವನ್ನು ಹಿಡಿದುಕೊಂಡಿತು. ಮಹಡಿಗೆ ಒಯ್ದರೂ ಅದಕ್ಕೇ ಜೋತುಬಿದ್ದಿತ್ತು. ಇವಳು ಲೆಕ್ಕ ಒಪ್ಪಿಸುತ್ತಿದ್ದಾಗ ಎಚ್ಚರಗೊಂಡು ಹೊಸದಕ್ಕೆ ಹಾರಿತು, ಮತ್ತೆ ಹಳೆಯದಕ್ಕೆ. ಎರಡಕ್ಕೂ ಒಂದೇ ಹೆಸರು, ಯಾವುದರಲ್ಲಿದ್ದೇನೆ ಎಂದು ಅವಳಿಗಾದರೂ ತಿಳಿಯುವುದು ಹೇಗೆ? ಮಧ್ಯಾಹ್ನ ಮೇಡಂ ಮೆಸೇಜು ಬಂತು. ಬುಧವಾರದಿಂದ ಆಫೀಸಿಗೆ ಬನ್ನಿ, ಆರು ತಿಂಗಳು ನೋಡೋಣ.

ಆ ಸಂಜೆ ನಾನು ಧೈರ್ಯ ತಂದುಕೊಂಡು ಎದುರು ಮನೆಗೆ ಹೋದೆ. ಜಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹತ್ತು ನಿಮಿಷ ಊರ ಸುದ್ದಿ, ಬಿಸಿಲು, ಅವರೆಕಾಯಿಯ ಸೊಗಡು ಎಲ್ಲ ಮಾತಾಡಿದ ಮೇಲೆ ವಿಷಯಕ್ಕೆ ಬಂದೆ. ತಪ್ಪು ತಿಳಿಯಬೇಡಿ, ನಮ್ಮ ವೈಫೈ ಸ್ವಲ್ಪ ಬದಲಾಯಿಸಬೇಕು, ನಿಮಗೆ ತೊಂದರೆಯಾಗುತ್ತದೆ ಎಂದೆ.

"ಅಯ್ಯೋ, ನಮಗೇನಪ್ಪ ತೊಂದ್ರೆ?" ಎಂದರು ಜಯಮ್ಮ. "ನಮ್ ಮೊಬೈಲ್ನಾಗೇ ನೆಟ್ ಬತ್ತದಲ್ಲ. ನಿಮ್ದು ಬಿಟ್ಟು ಒಂದ್ ವರ್ಸದ ಮ್ಯಾಲಾಯ್ತು ಕಣಪ್ಪ. ನಮ್ ಮನೆತಾವ ಸರ್ಯಾಗಿ ಬರಾಕಿಲ್ಲ ಅದು."

"ಹೇಳಬಾರದಿತ್ತಾ ಜಯಮ್ಮೋರೇ?"

"ಯೇಳುದ್ರೆ ನೀವು ಬೇಜಾರ್ ಮಾಡ್ಕತೀರ ಅಂತ ಸುಮ್ಕಿದ್ದೆ."

ಒಂದು ಬೊಗಸೆ ಅವರೆಕಾಳು ಕಟ್ಟಿಕೊಟ್ಟರು. ಬೇಡ ಎನ್ನಲಾಗಲಿಲ್ಲ, ತಂದೆ. ದಾಕ್ಷಿಣ್ಯ ಎನ್ನುವುದು ನಮ್ಮಲ್ಲಿ ದೊಡ್ಡ ಗುಣ ಎನ್ನುತ್ತಾರೆ. ಇರಬಹುದು. ನನಗಂತೂ ಅದನ್ನು ಹೊತ್ತು ಸಾಕಾಗಿದೆ. ಎರಡು ಮನೆಯವರೂ ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು, ಯಾರಿಗೂ ಬೇಡದ ಸಿಗ್ನಲ್ಲೊಂದನ್ನು ವರ್ಷವಿಡೀ ಸಾಕಿದೆವು.

ಮಂಗಳವಾರ ಪುಟ್ಟರಾಜು ಬಂದು ಹಳೇ ಡಬ್ಬದ ವೈಫೈ ಆಫ್ ಮಾಡಿದ. ಎರಡು ನಿಮಿಷದ ಕೆಲಸ. ಪಾಪ, "ನಾನ್ ಯೇಳಿರ್ಲಿಲ್ವಾ" ಅಂತ ಒಂದು ಮಾತೂ ಆಡಲಿಲ್ಲ.

ರಾತ್ರಿ ಜಯಮ್ಮ ಹೇಳಿದ್ದನ್ನು ಸವಿತಾಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ಬೆಳಗಿನ ಟ್ರೈನಿಗೆ ಅಲಾರಂ ಇಡಲು ಹೇಳಿದಳು. ಆಮೇಲೆ ನಿಧಾನವಾಗಿ ಕೇಳಿದಳು:

"ಎದುರು ಮನೆಯವರು ಏನಂದ್ಕೋತಾರೋ ಅಂತ ಅಷ್ಟು ಯೋಚನೆ ಮಾಡಿದ್ರಲ್ಲ, ಮಹಡಿ ಮೇಲಿರೋಳು ಏನಂದ್ಕೋತಾಳೆ ಅಂತ ಒಂದು ದಿನಾನಾದ್ರೂ ಅನ್ನಿಸ್ತೇನ್ರೀ?"