ಉಗ್ರಾಣದ ಬಾಗಿಲ ಹಿಂದೆ ನಿಂತವಳು

ಬುಕ್ಕಾಂಬುಧಿಯ ಜಾನಕಮ್ಮ ವೇದಾವತಿ ದಂಡೆಯ ಸಂಗಯ್ಯಜ್ಜನ ಮಠಕ್ಕೆ ಬಂದದ್ದು ಮೂರು ದಿನದ ಮಟ್ಟಿಗೆ. ಉಳಿದದ್ದು ಮೂವತ್ತೈದು ವರ್ಷ.

ಆಗ ಅವಳಿಗೆ ಇಪ್ಪತ್ತನಾಲ್ಕು. ತಾಯಿಗೆ ಮೈಯೆಲ್ಲ ಬಾವು ಬಂದು ಯಾವ ಔಷಧಿಗೂ ಬಗ್ಗದೆ ಹೋದಾಗ, ಮಠದಲ್ಲಿ ಮೂರು ದಿನ ಮಲಗಿ, ಹೊಳೆ ನೀರು ಮಿಂದು ಬರೋಣವೆಂದು ತಾಯಿಯೇ ಹಟ ಹಿಡಿದಿದ್ದಳು. ಎರಡನೆಯ ದಿನ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತ ಕೂತವಳು ಕೂತಲ್ಲೇ ಹೋಗಿಬಿಟ್ಟಳು. ಮಠದವರೇ ಮಣ್ಣು ಮಾಡಿದರು, ತಿಥಿ ಮುಗಿಸಿಕೊಂಡು ಹೋಗು ತಾಯಿ ಎಂದರು. ಸುಮ್ಮನೆ ಕೂತು ಉಣ್ಣಲು ಮನಸ್ಸೊಪ್ಪದೆ ಜಾನಕಮ್ಮ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಅಲ್ಲಿದ್ದ ಮುದುಕಿಯೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿ, “ಅಳೋದು ಆಮೇಲೆ ಅಳುವಂತೆ. ಈ ಕುಂಬಳಕಾಯಿ ಹೆಚ್ಚಿಕೊಡು” ಎಂದು ಈಳಿಗೆಮಣೆಯನ್ನು ಮುಂದಕ್ಕೆ ತಳ್ಳಿದಳು. ತಿಥಿ ಮುಗಿಯಿತು, ಹೆಚ್ಚುವ ಕೆಲಸ ಮುಗಿಯಲಿಲ್ಲ. ಊರಿನಲ್ಲಿ ಅವಳ ದಾರಿ ಕಾಯುವವರು ಯಾರೂ ಇರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಆ ಮುದುಕಿಯ ಜಾಗಕ್ಕೆ ಜಾನಕಮ್ಮನೇ ಬಂದಿದ್ದಳು.

ಆ ಮಠಕ್ಕೆ ಇಂಥವರೇ ಬರಬೇಕೆಂದಿಲ್ಲ. ಸಂಗಯ್ಯಜ್ಜ ಬದುಕಿದ್ದ ಕಾಲದಲ್ಲಿ ಒಬ್ಬ ಫಕೀರ ಹೊಳೆಯಾಚೆಯಿಂದ ಬಂದು ಅಜ್ಜನ ಜೊತೆ ಒಂದೇ ಎಲೆಯಲ್ಲಿ ಉಣ್ಣುತ್ತಿದ್ದನಂತೆ. ಈಗಲೂ ಅಜ್ಜನ ಸಮಾಧಿಯಿರುವ ಗದ್ದುಗೆಯ ಮುಂದೆ ಕಾಯಿ ಒಡೆಯುವವರ ಪಕ್ಕದಲ್ಲೇ ತರೀಕೆರೆ, ಕಡೂರಿನ ಸಾಬರು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ ಹಂಚುತ್ತಾರೆ. ಬೀರೂರಿನಿಂದ ಒಬ್ಬ ಕ್ರಿಸ್ತರ ನರ್ಸಮ್ಮ ಪ್ರತಿ ವರ್ಷ ಮೇಣದಬತ್ತಿ ಹಚ್ಚಿ ಹೋಗುತ್ತಾಳೆ. ಬಂದವರ ಜಾತಿ, ಕುಲ ಕೇಳುವ ಹಾಗಿಲ್ಲ. ಅಡುಗೆಮನೆಗಿರುವ ಕಟ್ಟಳೆ ಅದೊಂದೇ.

ಆ ಅಡುಗೆಮನೆಯ ತಾಮ್ರದ ಕೊಪ್ಪರಿಗೆಗಳಿಗೆ ಕಲಾಯಿ ಹಾಕುತ್ತಿದ್ದವನು ತರೀಕೆರೆಯ ಮುಕ್ತಿಯಾರ್. ಕಾರ್ತಿಕದ ಆರಾಧನೆಗೆ ಹದಿನೈದು ದಿನ ಇರುವಾಗ ಹೆಂಡತಿ ಹಮೀದುನ್ನೀಸಾಳನ್ನು ಕರೆದುಕೊಂಡು ಬಂದು ಬೇವಿನ ಮರದ ಕೆಳಗೆ ಗುಳಿ ತೋಡಿ ಇದ್ದಿಲು ಹೊತ್ತಿಸುತ್ತಿದ್ದ. ಹೆಂಡತಿ ತಿದಿ ಒತ್ತುವಳು. ಅವನು ಕಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಒತ್ತಿ, ಅರಳೆಯ ಮುದ್ದೆಯಿಂದ ಒಂದೇ ಸುತ್ತು ಒರೆಸುವನು. ಕಪ್ಪಗಿದ್ದ ತಳ ಬೆಳ್ಳಗೆ ಹೊಳೆಯುತ್ತಿತ್ತು. ನಾಲ್ಕು ದಿನ ಗಂಡಹೆಂಡಿರಿಬ್ಬರೂ ಮಠದಲ್ಲೇ ಉಂಡು ಅಲ್ಲೇ ಮಲಗುವರು. ಹಮೀದುನ್ನೀಸಾ ಬಿಡುವಾದಾಗ ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಬಿಡಿಸುತ್ತ ಜಾನಕಮ್ಮನ ಜೊತೆ ಮಾತಿಗೆ ಕೂರುವಳು.

ಜಾನಕಮ್ಮ ಮಠಕ್ಕೆ ಬಂದ ಮೂರನೆಯ ವರ್ಷ, ಕಲಾಯಿಯವರು ಬಂದಿದ್ದ ದಿನಗಳಲ್ಲೇ ಒಂದು ಅನಾಹುತವಾಗಿತ್ತು. ಕಲಾಯಿ ಸವೆದ ಒಂದು ಕೊಪ್ಪರಿಗೆಯನ್ನು ಮುದುಕಿ ಮೂಲೆಗೆ ಬೋರಲು ಹಾಕಿಟ್ಟಿದ್ದಳು. ಜನ ಜಾಸ್ತಿಯಾದರೆಂದು ಜಾನಕಮ್ಮ ಅವಸರದಲ್ಲಿ ಅದನ್ನೇ ಎಳೆದು ಹುಳಿ ಮಾಡಿಬಿಟ್ಟಳು. ಬರೀ ತಾಮ್ರಕ್ಕೆ ಹುಳಿ ಬಿದ್ದರೆ ವಿಷ. ಮಧ್ಯಾಹ್ನ ಉಂಡವರಲ್ಲಿ ನಲವತ್ತು ಜನ ವಾಂತಿ ಮಾಡಿಕೊಂಡರು. ಜೀವಕ್ಕೇನೂ ಆಗಲಿಲ್ಲವಾದರೂ ಆಗಿನ ಸ್ವಾಮಿಗಳು ಅಡುಗೆಮನೆಯವರನ್ನೆಲ್ಲ ಅಂಗಳಕ್ಕೆ ಕರೆಸಿದರು. ಜಾನಕಮ್ಮ ಎಲ್ಲರ ಹಿಂದೆ ಸರಿದು ನಿಂತಳು. ಅಷ್ಟರಲ್ಲಿ ಬೇವಿನ ಮರದ ಬುಡದಿಂದ ಮುಕ್ತಿಯಾರ್ ಎದ್ದುಬಂದ.

“ತಪ್ಪು ನಂದೇ ಬುದ್ಧಿ. ಆ ಪಾತ್ರೆಗೆ ಹೋದ ಸಲ ತವರ ತೆಳ್ಳಗೆ ಎಳೆದಿದ್ದೆ.”

ಸ್ವಾಮಿಗಳು ಅವನಿಗೆ ನಾಲ್ಕು ಮಾತು ಅಂದು ಕಳಿಸಿದರು. ಆಮೇಲೆ ಜಾನಕಮ್ಮ ಹೋಗಿ, ಯಾಕಣ್ಣ ಹಂಗಂದೆ ಎಂದು ಕೇಳಿದರೆ ಅವನು ನಕ್ಕುಬಿಟ್ಟ. “ನನ್ನ ಬೈದ್ರೆ ಬಸ್ ಹತ್ಕೊಂಡು ಮನೆಗೆ ಹೋಯ್ತೀನಿ. ನೀವೆಲ್ಲಿಗೆ ಹೋಯ್ತೀರಿ?”

ಹೀಗೇ ಮೂವತ್ತು ಕಾರ್ತಿಕ ಕಳೆದವು. ಜಾನಕಮ್ಮನ ಬಲಭುಜ ಎತ್ತಲಾರದ ಹಾಗಾಯಿತು. ನೀರು ತುಂಬಿದ ಕೊಪ್ಪರಿಗೆಯನ್ನು ನಾಲ್ವರು ಸೇರಿದರೂ ಅಲುಗಿಸಲಾಗದು. ಹೊಸ ಹುಡುಗಿಯರು ಎರಡು ದಿನ ಬಂದು ಮೂರನೆಯ ದಿನ ಬರುತ್ತಿರಲಿಲ್ಲ. ಒಂದು ದಿನ ಅವಳೇ ಈಗಿನ ಸ್ವಾಮಿಗಳ ಮುಂದೆ ಹೋಗಿ ಕೇಳಿಕೊಂಡಳು: “ಎಲ್ಲಾ ಕಡೆ ಸ್ಟೀಮಿನ ಅಡಿಗೆ ಬಂದೈತೆ ಬುದ್ಧಿ. ನಮಗೂ ಸ್ಟೀಲಿಂದು ಮಾಡಿಸಿಕೊಟ್ರೆ ಈ ಕೈಗೆ ಪುಣ್ಯ ಬತ್ತದೆ.” ಸ್ವಾಮಿಗಳು ಆಗಲೆಂದರು. ಭಾದ್ರಪದ ಮುಗಿಯುವುದರೊಳಗೆ ಬಾಯ್ಲರ್ ಬಂತು, ಆಳೆತ್ತರದ ಸ್ಟೀಲ್ ಪಾತ್ರೆಗಳು ಬಂದವು. ಹಳೆಯ ತಾಮ್ರವನ್ನೆಲ್ಲ ಲಾರಿಗೆ ಏರಿಸಿ ಕಳಿಸಿದರು.

ಲಾರಿ ಹೋದ ದಿನವೇ ಜಾನಕಮ್ಮನಿಗೆ ಮುಕ್ತಿಯಾರನ ನೆನಪಾಯಿತು. ಊರುಗಳಲ್ಲಿ ಕಲಾಯಿ ಹಾಕಿಸುವವರು ಯಾರೂ ಉಳಿದಿರಲಿಲ್ಲ. ಎರಡು ಛತ್ರ, ಬಿರಿಯಾನಿ ಮಾಡುವ ನಾಲ್ಕಾರು ಅಡುಗೆಯವರು ಬಿಟ್ಟರೆ ಅವನಿಗಿದ್ದ ದೊಡ್ಡ ಕೆಲಸ ಮಠದ್ದೇ. ಅದನ್ನು ತಪ್ಪಿಸಿದವಳು ತಾನೇ. ಫೋನು ಮಾಡಿ ಹೇಳಬೇಕೆಂದುಕೊಂಡಳು. ಏನೆಂದು ಹೇಳುವುದು? ನಾಳೆ ಮಾಡೋಣ, ಹಬ್ಬ ಮುಗಿಯಲಿ, ಅವನೇ ಬಂದಾಗ ಎದುರಿಗೇ ಹೇಳಿದರಾಯಿತು ಎಂದು ದಿನ ತಳ್ಳಿದಳು.

ಅದು ಕಾಲವೂ ಕೆಟ್ಟಿದ್ದ ವರ್ಷ. ಅಲ್ಲಲ್ಲಿ ಜಾತ್ರೆಗಳಲ್ಲಿ ಸಾಬರು ಅಂಗಡಿ ಹಾಕಬಾರದೆಂದು ಬಟ್ಟೆಯ ಮೇಲೆ ಬರೆದು ಕಟ್ಟುತ್ತಿದ್ದರು. ಮಠದ ಬಾಗಿಲಿಗೆ ಅಂಥದ್ದೇನೂ ಬಂದಿರಲಿಲ್ಲ, ಬಂದರೂ ಸ್ವಾಮಿಗಳು ಬಿಡುತ್ತಿರಲಿಲ್ಲ. ಆದ್ದರಿಂದಲೇ ಜಾನಕಮ್ಮ ಜಾತ್ರೆಗಳ ಆ ಮಾತನ್ನೂ ಮುಕ್ತಿಯಾರನ ವಿಷಯವನ್ನೂ ಒಟ್ಟಿಗಿಟ್ಟು ಯೋಚಿಸಲೇ ಇಲ್ಲ.

ಕಾರ್ತಿಕದಲ್ಲಿ ಮುಕ್ತಿಯಾರ್ ಎಂದಿನ ಹಾಗೆ ಹೆಂಡತಿಯೊಂದಿಗೆ ತಿದಿ, ಇಕ್ಕಳ, ಚೀಲ ಹೊತ್ತು ಬಂದ. ಉಗ್ರಾಣದ ಕಿಂಡಿಯಿಂದ ಅವರನ್ನು ಕಂಡದ್ದೇ ಜಾನಕಮ್ಮ ಹಿಂದಕ್ಕೆ ತಿರುಗಿದಳು. ಕಚೇರಿ ನೋಡಿಕೊಳ್ಳುವ ಚಂದ್ರಕುಮಾರ್ ಅಲ್ಲೇ ಅಕ್ಕಿ ಅಳೆಸುತ್ತಿದ್ದ.

“ಹೋಗಿ ಹೇಳಪ್ಪ, ಈ ಸಲ ಕಲಾಯಿ ಬೇಡವಂತೆ ಅಂತ.”

“ನೀವೇ ಹೇಳಿ ಅಮ್ಮ, ನಿಮಗೆ ಗೊತ್ತಿರೋರು.”

“ನಾನು ಇಲ್ಲ ಅನ್ನು. ಊರಿಗೆ ಹೋಗವ್ರೆ ಅನ್ನು.”

ಹಾಗೆ ಹೇಳಿ ಬಾಗಿಲ ಹಿಂದೆ ಸರಿದು ನಿಂತಳು. ಚಂದ್ರಕುಮಾರ್ ಬಂದು ಎರಡೇ ವರ್ಷವಾಗಿತ್ತು, ಹಳೆಯ ಸಂಗತಿ ಒಂದೂ ತಿಳಿಯದು. ಹೊಸ ಪಾತ್ರೆಯ ವಿಷಯ ಎತ್ತಲೇ ಇಲ್ಲ. ಹೇಳಿದಷ್ಟನ್ನು ಹೇಳಿದ.

“ಬೇಡವಂತೆ ಅಂದ್ರೆ, ಯಾರಂದ್ರು ಸಾರ್?” ಮುಕ್ತಿಯಾರನ ದನಿ ಕೇಳಿಸಿತು.

“ಒಳಗೆ ಹೇಳಿದಾರೆ.”

“ಜಾನಕಮ್ಮ ಇಲ್ವಾ?”

“ಊರಿಗೆ ಹೋಗಿದಾರೆ.”

ಚೀಲ ಎತ್ತಿಕೊಂಡ ಸದ್ದಾಯಿತು. ಊಟ ಮಾಡ್ಕೊಂಡು ಹೋಗಿ ಎಂದು ಚಂದ್ರಕುಮಾರ್ ಕರೆದ. ಹೊಟ್ಟೆ ತುಂಬಿದೆ ಸಾರ್ ಎಂದು ಮುಕ್ತಿಯಾರ್ ಅಂಗಳದಲ್ಲೇ ನಿಂತು ಗದ್ದುಗೆಯ ಕಡೆ ಕೈಯೆತ್ತಿ ಸಲಾಮು ಮಾಡಿ ಹೊರಟ. ಕಿಂಡಿಯಲ್ಲಿ ಅವನ ಬೆನ್ನು ಕಾಣುವವರೆಗೂ ನೋಡುತ್ತಿದ್ದ ಜಾನಕಮ್ಮನಿಗೆ, ಓಡಿಹೋಗಿ ಕೂಗಿದರೆ ಗೇಟಿನಲ್ಲಿ ಸಿಗುತ್ತಾನೆ ಎಂಬುದು ಗೊತ್ತಿತ್ತು. ಆದರೆ ಸುಳ್ಳು ಹೇಳಿಸಿದ ಮೇಲೆ ಯಾವ ಮುಖ ಹೊತ್ತು ಹೋಗುವುದು?

ಮಾರನೆಯ ಬೇಸಿಗೆಯಲ್ಲಿ ಮಠಕ್ಕೆ ಸೊಪ್ಪು ತರುವ ದ್ಯಾವಮ್ಮ ಮಾತಿಗೆ ಮಾತು ಬಂದು ಹೇಳಿದಳು: “ತರೀಕೆರೆ ಸಂತೇಲಿ ಕಲಾಯಿ ಸಾಬರು ಸಿಕ್ಕಿದ್ರು ಕಣಕ್ಕ. ಮಠಾನೂ ಎಲ್ಲರಂಗೇ ಆಯ್ತು, ಇನ್ ಅಲ್ಲಿ ನಮಗೇನು ಕೆಲಸ ಅಂದ್ರು. ಯಾಕೆ, ಏನಾಯ್ತು?”

ಜಾನಕಮ್ಮನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ತಾನು ಆಡಿಸಿದ ಒಂದು ಮಾತು, ಸಾಬನೆಂದೇ ಬೇಡವೆಂದರು ಎಂಬಂತೆ ಅವನ ಕಿವಿಗೆ ಬಿದ್ದಿರಬಹುದೆಂದು ಅವತ್ತು ಅವಳಿಗೆ ಹೊಳೆಯಿತು.

ಅವತ್ತೇ ಹೊರಟಿದ್ದರೆ ಆಗುತ್ತಿತ್ತು. ಕಡೂರಿನಿಂದ ತರೀಕೆರೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಆದರೆ ಶ್ರಾವಣದ ಜನ ಬಂದರು, ನವರಾತ್ರಿ ಬಂತು, ಮತ್ತೆ ಆರಾಧನೆ ಬಂತು. ಭುಜ ನೋವು, ಮಳೆ, ಜ್ವರ ಎಂದು ಒಂದಲ್ಲ ಒಂದು ನೆಪ ಸಿಗುತ್ತಲೇ ಇತ್ತು. ಹೋಗಬೇಕಾದ ದಾರಿ ಹತ್ತಿರವಿದ್ದಷ್ಟೂ ಹೋಗುವುದು ತಡವಾಗುತ್ತದೇನೋ. ಅವಳು ತರೀಕೆರೆ ಸ್ಟೇಷನ್ನಿನಲ್ಲಿ ಇಳಿದದ್ದು ಆ ಮೇಲಿನ ಶ್ರಾವಣದಲ್ಲಿ, ಒಂದು ಬುಧವಾರ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳು ಹತ್ತು ಹನ್ನೆರಡರ ಹುಡುಗಿ, ಮೊಮ್ಮಗಳು ಅರ್ಫಾ. ಒಳಗಿನಿಂದ ಬಂದ ಹಮೀದುನ್ನೀಸಾ ಹೊಸ್ತಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

“ಜಾನಕಮ್ಮ ಅಲ್ವಾ? ಬನ್ನಿ.”

ಜಾನಕಮ್ಮ ಕೂತಳು. ನೀರು ಬಂತು. ಗೋಡೆಯನ್ನೂ ನೆಲವನ್ನೂ ನೋಡಿ ಕೊನೆಗೆ, “ಅಣ್ಣ ಎಲ್ಲಿ?” ಎಂದಳು.

“ಹೋದ ರಂಜಾನಲ್ಲಿ ತೀರ್ಕೊಂಡ್ರು. ಉಸಿರಾಟದ ತೊಂದ್ರೆ. ಎಷ್ಟು ವರ್ಷ ಆ ಹೊಗೆ ಕುಡಿದಿದ್ರು.”

ಜಾನಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಒಂದನ್ನೂ ಬಿಡದೆ ಹೇಳಿದಳು: ತನ್ನ ಭುಜ, ತಾನೇ ಕೇಳಿ ತರಿಸಿದ ಸ್ಟೀಲು, ಲಾರಿ, ಚಂದ್ರಕುಮಾರನ ಬಾಯಲ್ಲಿ ಹೇಳಿಸಿದ ಸುಳ್ಳು. “ಜಾತಿ ಮಾತು ಅಲ್ಲ ಹಮೀದಕ್ಕ. ಅಜ್ಜನ ಗದ್ದುಗೆ ಆಣೆಗೂ ಅಲ್ಲ. ನನಗೆ ಮುಖ ಇರ್ಲಿಲ್ಲ, ಅಷ್ಟೇಯ.”

ಹಮೀದುನ್ನೀಸಾ ಮೊಮ್ಮಗಳನ್ನು ಒಳಗೆ ಕಳಿಸಿ ಆಮೇಲೆ ಮಾತಾಡಿದಳು.

“ನೀವು ಒಳಗಿದ್ದಿದ್ದು ನಮಗೆ ಗೊತ್ತಿತ್ತು.”

“ಆಂ?”

“ಉಗ್ರಾಣದ ಮುಂದೆ ನಿಮ್ಮ ಚಪ್ಪಲಿ ಇತ್ತಲ್ಲ. ಎಡಗಾಲಿಂದಕ್ಕೆ ತಂತಿ ಕಟ್ಟಿದ್ದು. ಅದರ ಹಿಂದಿನ ವರ್ಷ ಇವ್ರೇ ಕಟ್ಟಿಕೊಟ್ಟಿದ್ದು. ಬಸ್ಸಲ್ಲಿ ನಾನು ನಿಮ್ಮನ್ನ ಬಾಯಿಗೆ ಬಂದಂಗೆ ಬೈದೆ. ಅದಕ್ಕೆ ಇವ್ರು, ಅವರನ್ನ ಬೈಬೇಡ ಕಣೇ, ಆಯಮ್ಮ ಹಂಗೆಲ್ಲ ಅನ್ನೋರಲ್ಲ, ದೊಡ್ಡೋರು ಯಾರೋ ಬಾಯಿ ಕಟ್ಟಿದಾರೆ, ಅಲ್ಲೇ ಇದ್ದು ಅಲ್ಲೇ ಉಣ್ಣಬೇಕು, ಏನ್ಮಾಡ್ತಾರೆ ಅಂದ್ರು. ನಿಮ್ಮ ಮೇಲೆ ಕೊನೆವರೆಗೂ ಒಂದು ಮಾತೂ ಆಡ್ಲಿಲ್ಲ. ಮಠದ ಹೆಸರು ಎತ್ತಿದ್ರೆ ಮಾತ್ರ ಎದ್ದು ಹೋಗೋರು.”

ಅವಳು ಬೈದಿದ್ದರೆ ಜಾನಕಮ್ಮ ತಡೆದುಕೊಳ್ಳುತ್ತಿದ್ದಳು. ಮುಕ್ತಿಯಾರ್ ತನ್ನನ್ನು ತಪ್ಪಿಗಿಂತ ಆಚೆಗಿಟ್ಟು, ತಪ್ಪೇ ಮಾಡದ ಮಠದ ಮೇಲೆ ನಂಬಿಕೆ ಕಳೆದುಕೊಂಡು ಹೋಗಿದ್ದ. ಅಜ್ಜನ ಕಾಲದಿಂದ ಯಾರೂ ಮುಚ್ಚದ ಬಾಗಿಲು ಆ ಒಬ್ಬನ ಪಾಲಿಗೆ ಮುಚ್ಚಿಹೋಗಿತ್ತು. ಮುಚ್ಚಿದವಳು ಅದೇ ಅನ್ನ ಉಂಡು ಬದುಕಿದವಳು.

“ಸ್ಟೀಲ್ ಬಂತು ಅಂದಿದ್ರೆ ನಗ್ತಿದ್ರು ಕಣ್ರೀ,” ಎಂದಳು ಹಮೀದುನ್ನೀಸಾ. “ಛತ್ರದೋರು ಸ್ಟೀಲ್ ತಂದಾಗ ಅಲ್ಲೇ ಕೂತು ಟೀ ಕುಡಿದು ಬಂದಿದ್ರು. ಕೆಲಸ ಹೋಯ್ತದೆ ಅಂತ ಅವರಿಗೆ ಯಾವತ್ತೋ ಗೊತ್ತಿತ್ತು.”

ಊಟದ ಹೊತ್ತಾಗಿತ್ತು. ಹಮೀದುನ್ನೀಸಾ ಕೇಳದೆಯೇ ತಟ್ಟೆ ಇಟ್ಟು ಅನ್ನ, ಬೇಳೆ ಸಾರು ಬಡಿಸಿದಳು. ಜಾನಕಮ್ಮ ತಲೆ ತಗ್ಗಿಸಿ ಉಂಡಳು. ಆರಾಧನೆಗೆ ಬರಬೇಕೆಂದು ಕರೆದಾಗ ಹಮೀದುನ್ನೀಸಾ ನೋಡೋಣ ಎಂದಳು. ಬರಲಿಲ್ಲ.

ಅವತ್ತು ತರೀಕೆರೆಯಿಂದ ಮರಳಿದವಳೇ ಜಾನಕಮ್ಮ ಎಲ್ಲವನ್ನೂ ಸ್ವಾಮಿಗಳ ಮುಂದೆ ಒಪ್ಪಿಸಿದ್ದಳು. ಅವರು ಬೈಯಲಿಲ್ಲ. “ನಮ್ಮ ಹೆಸರಲ್ಲಿ ಆ ಮನೆಗೆ ಹೋಗಿ ಹೋಗಿ ಬಾ ತಾಯಿ. ಒಂದು ಸಲಕ್ಕೆ ಆಗೋ ಕೆಲಸ ಅಲ್ಲ” ಎಂದರು. ಆರಾಧನೆಯ ಮಾರನೆಯ ವಾರ ಜಾನಕಮ್ಮ ತರೀಕೆರೆಗೆ ಫೋನು ಮಾಡಿದಳು.

“ಮುಬಶೀರ್‌ಗೆ ಹೇಳ್ದೆ,” ಎಂದಳು ಹಮೀದುನ್ನೀಸಾ. ಮುಬಶೀರ್ ಅವಳ ಮಗ, ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. “ಅವನು ನಂಬ್ಲಿಲ್ಲ. ಅಬ್ಬ ಹೋದ ಮೇಲೆ ಬಂದು ಒಳ್ಳೆ ಕಥೆ ಕಟ್ಟಿದಾರೆ ಅಂತಾನೆ.”

ಜಾನಕಮ್ಮನಿಗೆ ಅವನಾದರೂ ಯಾಕೆ ನಂಬಬೇಕು ಎನಿಸಿತು. “ಭಾನುವಾರ ಅಂಗಡಿ ತೆಗೀತಾನಾ?” ಎಂದು ಕೇಳಿದಳು.

“ಮಧ್ಯಾಹ್ನದವರೆಗೂ. ಬರೋದಾದ್ರೆ ಬನ್ನಿ. ಮಾತಾಡ್ತಾನೆ ಅಂತ ನಾನು ಹೇಳಲ್ಲ.”

ಭಾನುವಾರ ಹೋದಳು. ಮುಬಶೀರ್ ಒಂದು ಬೈಕಿನ ಚೈನು ಬಿಚ್ಚುತ್ತ ನೆಲದ ಮೇಲೆ ಕೂತಿದ್ದ. ಅವಳು ನಿಂತುಕೊಂಡೇ ತಾಯಿಗೆ ಹೇಳಿದ್ದನ್ನು ಮಗನಿಗೂ ಹೇಳಿದಳು. ಅವನು ತಲೆಯೆತ್ತದೆ ಎಲ್ಲ ಕೇಳಿಸಿಕೊಂಡ. “ಆಯ್ತಮ್ಮ” ಎಂದ. ಎದುರಿನ ಹೋಟೆಲಿಗೆ ಕೂಗಿ ಅವಳಿಗೊಂದು ಟೀ ತರಿಸಿದ. ಬಿಸಿಲಲ್ಲಿ ನಿಲ್ಲಬೇಡಿ ಎಂದು ಸ್ಟೂಲು ಸರಿಸಿದ. ಮತ್ತೆ ಕೆಲಸಕ್ಕೆ ಬಗ್ಗಿದ.

ಜಾನಕಮ್ಮ ಈಗಲೂ ಎರಡು ಮೂರು ತಿಂಗಳಿಗೊಮ್ಮೆ ತರೀಕೆರೆಗೆ ಹೋಗುತ್ತಾಳೆ. ಹಮೀದುನ್ನೀಸಾ ಜೊತೆ ಕೂತು ಬೆಳ್ಳುಳ್ಳಿ ಬಿಡಿಸಿಕೊಟ್ಟು, ಅರ್ಫಾ ಓದುವುದನ್ನು ಕೇಳಿ ಬರುತ್ತಾಳೆ. ಆ ಮನೆಯವರು ಮಾತ್ರ ಇದುವರೆಗೂ ಯಾರೂ ಹೊಳೆ ದಂಡೆಗೆ ಬಂದಿಲ್ಲ.