ಅರ್ಥ ಹೇಳದ ಹಲ್ಲೆಲೂಯ

ಯಾರಾದರೂ "ಹಲ್ಲೆಲೂಯ" ಎಂದರೆ ಸಾಕು, ನಮ್ಮ ಚರ್ಚಿನ ಉಪದೇಶಿಗಳು ನಲ್ಲಿ ರಿಪೇರಿಯವನನ್ನೂ ಬಿಡದೆ ಕೂರಿಸಿಕೊಂಡು, "ಹೀಬ್ರೂ ಮಾತು ಕಣಪ್ಪಾ! ಹಲ್ಲೆಲು ಅಂದ್ರೆ ಎಲ್ರೂ ಹೊಗಳಿ, ಯಾ ಅಂದ್ರೆ ದೇವರು. ಬೈಬಲಿನ ಹಳೇ ಕೀರ್ತನೆಗಳಿಂದ ಬಂದಿದ್ದು" ಎಂದು ವಿವರಿಸುತ್ತಾರೆ. ಹೆಂಡತಿ ಆಗಷ್ಟೇ ಒರೆಸಿದ ನೆಲದ ಮೇಲೆ ಓಡಾಡುತ್ತಲೇ ಭಾನುವಾರದ ಪ್ರಸಂಗ ಬಾಯಿಪಾಠ ಮಾಡುತ್ತಾರೆ. ಅವರ ನಿಲುವಂಗಿ ಇಸ್ತ್ರಿ ಮಾಡಿ, ಸಭೆಯ ಕುರ್ಚಿಗಳ ಧೂಳನ್ನೂ ಹೊಡೆಯುವ ಆಕೆ ಮೂವತ್ತು ವರ್ಷದಿಂದ ಒಂದೇ ಒಂದು ಹೊಗಳಿಕೆಗೆ ಕಾದಿದ್ದಾಳೆ. "ಎಲ್ಲಾ ದೇವರಿಗೇ ಕೊಟ್ಬಿಡ್ತೀರಿ, ನಂಗೊಂದು ಚೂರು ಉಳಿಸ್ಬಾರ್ದಾ?" ಎಂದು ಊಟ ಬಡಿಸುತ್ತಾ ಕುಟುಕಿದರೆ, "ಉಪ್ಪು ಸ್ವಲ್ಪ ಕಮ್ಮಿ" ಎನ್ನುತ್ತಾರೆ. ಮೊನ್ನೆ ಆಕೆ ಜ್ವರ ಬಂದು ಮಲಗಿದಾಗ ಹಾಲು ಕಾಯಿಸಲು ಹೋಗಿ ತಳ ಹಿಡಿಸಿದರು. ಒಂದು ಗಂಟೆ ಪಾತ್ರೆ ತಿಕ್ಕಿ, ಒದ್ದೆ ಕೈಯಲ್ಲೇ ಹಾಸಿಗೆಯ ಬಳಿ ಬಂದರು. "ದಿನಾ ಇದನ್ನೆಲ್ಲ ನೀನೊಬ್ಳೇ ಮಾಡ್ತೀಯೇನೇ?" "ಇನ್ಯಾರು ಮಾಡ್ತಾರೆ?" ಅವರು ಆಕೆಯನ್ನೇ ನೋಡುತ್ತಾ ಮೆಲ್ಲಗೆ "ಹಲ್ಲೆಲೂಯ" ಎಂದರು. ಇನ್ನು ಅರ್ಥ ವಿವರಿಸುತ್ತಾರೆಂದು ಆಕೆ ಕಾದಳು. ಅವರು ಉಳಿದ ಪಾತ್ರೆ ತಿಕ್ಕಲು ಹೋದರು.