ಹುಲ್ಲಿನಡಿಯ ಮೊದಲ ಹೆಂಡತಿ

ಸೂರ್ಯ ಬೇಲಿಯ ಮಟ್ಟದಲ್ಲಿರುವಾಗ ಮಾತ್ರ ಈ ಹೊಲ ತನ್ನ ತಗ್ಗುಗಳನ್ನು ತೋರಿಸುತ್ತದೆ. ಇನ್ನೊಂದಿಷ್ಟು ಮೇಲೇರಿದರೆ ಎಲ್ಲವೂ ಒಂದೇ ಸಮ ಹಸಿರು. ಅದಕ್ಕೇ ಆರ್ಲೀತಾ ಎಂಬ್ರಿ ಬೆಳಕು ಹರಿಯುವ ಮೊದಲೇ ಬಂದು, ತೊಯ್ದ ಹುಲ್ಲಿನಲ್ಲಿ ಕೂತು, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ ನೋಡುತ್ತಾರೆ. ನೆರಳು ನಿಂತ ಕಡೆ ಕಬ್ಬಿಣದ ಸರಳು ಚುಚ್ಚುತ್ತಾರೆ. ಅಗೆಯದ ನೆಲ ಸರಳನ್ನು ತಡೆಯುತ್ತದೆ. ಒಮ್ಮೆ ಅಗೆದು ಮುಚ್ಚಿದ ಮಣ್ಣು, ಎಷ್ಟು ಕಾಲವಾದರೂ, ಒಳಗೆ ಬಿಟ್ಟುಕೊಳ್ಳುತ್ತದೆ. ಸರಳು ಸುಲಭವಾಗಿ ಇಳಿದರೆ ಅಲ್ಲೊಂದು ಕಡ್ಡಿ ನೆಟ್ಟು, ಹರಿದ ಚಾದರದ ಬಿಳಿ ಪಟ್ಟಿ ಕಟ್ಟುತ್ತಾರೆ.

ಐವತ್ತೆಂಟರ ಆರ್ಲೀತಾ ಅಮೆರಿಕದ ಕೆಂಟಕಿ ರಾಜ್ಯದ ಈ ಊರಿನ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುತ್ತಾರೆ. ಎಂಟಕ್ಕೆ ಯಂತ್ರ ಶುರುವಾದರೆ ಸಂಜೆಯವರೆಗೂ ನಿಂತೇ ಇರಬೇಕು. ಮೊಣಕಾಲಿಗೆ ಒಮ್ಮೆ ಆಪರೇಷನ್ ಆಗಿದೆ. ಸವೆದ ಚಾದರಗಳನ್ನು ಅವರು ಕೇಳಿಯೇ ತರುತ್ತಾರೆ. "ಯಾತಕ್ಕೆ ಅಂತಾರೆ. ಒಂದು ತಾಯಿ, ಒಂದು ಮಗು ಹುಡುಕ್ತಿದೀನಿ ಅಂತೀನಿ. ಆಮೇಲೆ ಯಾರೂ ಏನೂ ಕೇಳಲ್ಲ."

ಅವರು ಹುಡುಕಲು ಹೊರಟದ್ದು ಈ ತಾಯಿಯನ್ನಲ್ಲ, ಒಬ್ಬ ಸಿಪಾಯಿಯನ್ನು. ಮುತ್ತಜ್ಜನ ತಂದೆ ಸೈಲಸ್ ಎಂಬ್ರಿ, ಅಂತರ್ಯುದ್ಧದ ಕಾಲದಲ್ಲಿ ಧಣಿಯ ತೋಟದಿಂದ ಓಡಿಬಂದು ಕಪ್ಪು ಜನರ ಪದಾತಿ ದಳಕ್ಕೆ ಸೇರಿದವನು. ಬಂದೂಕು ಹಿಡಿದವನಿಗೆ ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕಿತು, ಹೆಂಡತಿ ಮಕ್ಕಳಿಗೆ ಸಿಗಲಿಲ್ಲ. ಅವನ ಹೆಂಡತಿ ಪುಟ್ಟ ಮಗಳನ್ನು ಎತ್ತಿಕೊಂಡು ಹಿಂದೆಯೇ ಬಂದು, ಶಿಬಿರದ ಅಂಚಿನ ಗುಡಿಸಲೊಂದರಲ್ಲಿ ಉಳಿದಳು. ಅಂಥವರು ನೂರಾರು ಮಂದಿ. ನವೆಂಬರಿನ ಕೊರೆಯುವ ಚಳಿಯಲ್ಲಿ ಒಂದು ದಿನ ಅಧಿಕಾರಿಗಳು ಹೆಂಗಸರು ಮಕ್ಕಳನ್ನೆಲ್ಲ ಗಾಡಿಗೆ ತುಂಬಿ ರಸ್ತೆಗೆ ಬಿಟ್ಟರು. ಗುಡಿಸಲುಗಳಿಗೆ ಬೆಂಕಿ ಇಟ್ಟರು. ಸೈಲಸ್ ಆಗ ಸಮವಸ್ತ್ರ ತೊಟ್ಟು ಕಾವಲಿಗೆ ನಿಂತಿದ್ದ. ಮಗು ಗಾಡಿಯಲ್ಲೇ ಸೆಟೆದುಕೊಂಡಿತು. ತಾಯಿ ಕೆಲವು ದಿನ ಬದುಕಿದಳು. ಮುಪ್ಪಿನಲ್ಲಿ ಪಿಂಚಣಿ ಕೇಳುವಾಗ ಅವನೇ ಹೇಳಿಕೊಂಡ ಮಾತಿದು. ಬರೆದುಕೊಂಡ ಗುಮಾಸ್ತ ಅವಳ ಹೆಸರು ಕೇಳಿಲ್ಲ. 'ಮೊದಲ ಹೆಂಡತಿ' ಎಂದಷ್ಟೇ ಇದೆ.

ಆರ್ಲೀತಾ ಎರಡನೇ ಹೆಂಡತಿಯ ವಂಶದವರು.

ಇದನ್ನು ಓದುವವರೆಗೂ ಮನೆಯ ಒಂದು ರೂಢಿ ಅವರಿಗೆ ಅರ್ಥವಾಗಿರಲಿಲ್ಲ. ನವೆಂಬರಿನಲ್ಲಿ ಒಂದು ರಾತ್ರಿ ಎಂಥ ಚಳಿಯಿದ್ದರೂ ಎಂಬ್ರಿಗಳ ಮನೆಯಲ್ಲಿ ಬೀದಿ ಬಾಗಿಲು ಹಾಕುವುದಿಲ್ಲ. "ಅಜ್ಜೀನ ಕೇಳಿದ್ರೆ, ಹಾಕಬಾರದು ಅಷ್ಟೇ, ಸುಮ್ನೆ ಮಲ್ಕೋ ಅನ್ನೋಳು. ಎರಡನೇ ಹೆಂಡತಿ ಬದುಕಿದ್ದಷ್ಟು ಕಾಲ ಆ ಬಾಗಿಲು ತೆಗೆದಿಟ್ಟೋಳು ಅವಳೇ ಅಂತೆ. ಗಂಡನ ಜೊತೆ ಕೂತು ಸತ್ತ ಇನ್ನೊಬ್ಬಳಿಗೆ ಕಾಯೋದು. ಅವಳಿಗೆ ಏನನ್ನಿಸ್ತಿತ್ತೋ. ಸತ್ತೋಳೇ ಆದ್ರೂ ಮೊದಲ್ನೋಳು ಬಂದುಬಿಟ್ರೆ ತನ್ನ ಗತಿ ಏನು ಅಂತ್ಲೂ ಇರಬಹುದು."

ಶಿಬಿರದಿಂದ ಊರಿಗೆ ಹೋಗುವ ಹಳೆ ರಸ್ತೆಗೆ ತಾಗಿಕೊಂಡ, ಆ ನವೆಂಬರಿನಲ್ಲಿ ಸತ್ತವರನ್ನು ಹೂಳಿರಬಹುದಾದ ಈ ಹೊಲ ಈಗ ಮಾರಾಟವಾಗುತ್ತಿದೆ. ಮನೆಗಳು ಏಳಲಿವೆ, ಅಳತೆಯ ಕಿತ್ತಳೆ ಬಣ್ಣದ ಗೂಟಗಳು ಆಗಲೇ ನಿಂತಿವೆ. ಯಜಮಾನ ಹೋಲಿಸ್ ಒಂದು ಮಾತು ಕೊಟ್ಟಿದ್ದಾರೆ: ಸೋಮವಾರ ಯಂತ್ರಗಳು ಬರುವುದರೊಳಗೆ ಒಂದು ಗೋರಿಯನ್ನಾದರೂ ತೋರಿಸಿದರೆ ಅಷ್ಟು ಜಾಗ ಬಿಟ್ಟು ಮಾರುತ್ತೇನೆ.

ಇದು ಶನಿವಾರ. ಅಣ್ಣ ಥರ್ಮನ್ ಕಾಫಿ ಹಿಡಿದು ಬೇಲಿ ದಾಟಿ ಬರುತ್ತಾರೆ. ಚರ್ಚಿನ ಹಿರಿಯ, ಕುಟುಂಬದ ಕೂಟಕ್ಕೆಂದು ಸೈಲಸನ ಚಿತ್ರವಿರುವ ಟೀಶರ್ಟು ಮಾಡಿಸಿದವರು. ಈಗಲೂ ಅದನ್ನೇ ಹಾಕಿದ್ದಾರೆ.

"ಸಿಪಾಯಿ ಸಿಕ್ಕಿದ, ಸಾಲದಾ ತಂಗೀ? ನಮ್ಮ ರಕ್ತವೇ ಅಲ್ಲದೋಳ ಹಿಂದೆ ಬಿದ್ದಿದೀಯಲ್ಲ."

"ಅವಳು ಸಾಯದೇ ಇದ್ದಿದ್ರೆ ನಿನ್ನ ರಕ್ತ ಎಲ್ಲಿರ್ತಿತ್ತು, ಹಿರಿಯರೇ? ಆ ಕಾಫಿ ಇಟ್ಟು ಸರಳು ಹಿಡಿ."

ಓಕ್ ಮರದ ಮಗ್ಗುಲಲ್ಲಿ ಎರಡು ತಗ್ಗುಗಳು, ಒಂದು ಉದ್ದ, ಒಂದು ಗಿಡ್ಡ. ಥರ್ಮನ್ ಗಿಡ್ಡ ತಗ್ಗಿಗೆ ಸರಳು ಊರುತ್ತಾರೆ. ಅದು ಅವರ ತೂಕಕ್ಕೂ ಕಾಯದೆ ಇಳಿದುಹೋಗುತ್ತದೆ. ಹೊರಗೆಳೆದು, ಟೋಪಿ ತೆಗೆದು, ಟೀಶರ್ಟಿನ ಮೇಲೆ ಒತ್ತಿ ಹಿಡಿದುಕೊಳ್ಳುತ್ತಾರೆ.

ಹೋಲಿಸ್ ಬಂದು ನೋಡುತ್ತಾರೆ. ಕೆಟ್ಟ ಮನುಷ್ಯರಲ್ಲ, ಅನುಮಾನವಿದೆ. "ಮಿಸ್ ಆರ್ಲೀತಾ, ಹೆಗ್ಗಣದ ಬಿಲವೂ ಹಿಂಗೇ ಇರುತ್ತೆ. ಇವತ್ತೇ ಆಳು ಕರೆಸಿ ಅಗೆಸ್ತೀನಿ. ಮೂಳೆ ಸಿಕ್ರೆ ಪೂರಾ ಹೊಲದ ಮಾರಾಟಾನೇ ನಿಲ್ಲಿಸಬಹುದು ನೀವು."

ಪೂರಾ ಹೊಲ. ಬಿಳಿ ಪಟ್ಟಿಗಳು ಇಳಿಜಾರಿನುದ್ದಕ್ಕೂ ಅಲ್ಲಾಡುತ್ತಿವೆ. ಆರ್ಲೀತಾ ಅವುಗಳನ್ನು ಒಂದೊಂದಾಗಿ ನೋಡುತ್ತಾರೆ.

"ಬೇಡ," ಎನ್ನುತ್ತಾರೆ. "ಇವರನ್ನ ಒಂದ್ಸಲ ಹೊರಗೆ ಹಾಕಿದ್ರು. ಎರಡನೇ ಸಲ ನನ್ನ ಕೈಯಿಂದ ಆಗೋದು ಬೇಡ."

"ಹಂಗಾದ್ರೆ ನಿಮ್ಮ ಮಾತಿನ ಮೇಲೆ ಈ ಎರಡು ಮಾತ್ರ ಬಿಡ್ತೀನಿ. ಮಿಕ್ಕಿದ್ದು ಹೋಗುತ್ತೆ."

"ಗೊತ್ತು."

ಹೋಲಿಸ್ ಗೂಟವೊಂದನ್ನು ಕಿತ್ತು, ಓಕ್ ಮರದ ಆಚೆಗೆ ಊರುತ್ತಾರೆ. ಉಳಿಯುವುದು ಒಂದು ಅಡುಗೆಮನೆಯಷ್ಟು ನೆಲ. ಇಳಿಜಾರಿನ ಪಟ್ಟಿಗಳನ್ನು ಆರ್ಲೀತಾ ತಾವೇ ಬಿಚ್ಚತೊಡಗುತ್ತಾರೆ. ಯಂತ್ರದ ಕೆಳಗೆ ಸಿಕ್ಕುವುದು ಬೇಡವೆಂದು. ಪ್ರತಿ ಕಡ್ಡಿಯ ಹತ್ತಿರ ಏನೋ ಹೇಳುತ್ತಾರೆ. ಏನೆಂದು ಕೇಳಿದರೆ, "ಕ್ಷಮಿಸಿ ಅಂತೀನಿ. ಇನ್ನೇನು ಹೇಳ್ಲಿ? ನನ್ನವಳಿಗೆ ಜಾಗ ಸಿಕ್ತು, ಇವರಿಗೆ ಇಲ್ಲ."

ಅವಳೇ ಎಂಬುದು ಖಾತ್ರಿಯೇ? "ಇಲ್ಲ. ಯಾರೋ ಒಬ್ಬ ತಾಯಿ. ಅವಳು ಅಂತ ಇಟ್ಕೋತೀನಿ."

ಕಲ್ಲು ನಿಲ್ಲಿಸಿದರೆ ಅದರ ಮೇಲೆ ಏನು ಬರೆಸುತ್ತೀರಿ?

ಕೆಲಸಕ್ಕೆ ಹೊತ್ತಾಗುತ್ತಿದೆ. ಆರ್ಲೀತಾ ಸರಳನ್ನು ಹುಲ್ಲಿಗೆ ಒರೆಸುತ್ತಾರೆ. "ಹೆಸರೇ ಗೊತ್ತಿಲ್ವಲ್ಲ, ಏನು ಬರೆಸೋದು? ಒಂದು ದಪ್ಪ ಕಲ್ಲಿದ್ರೆ ಸಾಕು. ಇಲ್ಲಿ ಮನೆ ಆದ್ಮೇಲೆ ಹುಲ್ಲು ಕತ್ತರಿಸೋಕೆ ಯಾರಾದ್ರೂ ಬರ್ತಾರಲ್ಲ, ಅವರು ಇವರಿಬ್ಬರನ್ನ ಸುತ್ತಿ ಬಳಸ್ಕೊಂಡು ಹೋಗಲಿ. ಅಷ್ಟೇ ನಾನು ಕೇಳೋದು."